ಮಲೆನಾಡಿನ ಫೋಟೊಗ್ರಾಫರ್‌ಗಳಿಗೆ ಹಬ್ಬದ ಉಡುಗೊರೆ: ಕಡಿಮೆ ಖರ್ಚಿನಲ್ಲಿ ಸರಿಯಾದದ್ದನ್ನು ಆರಿಸುವುದು ಹೇಗೆ?

ದೀಪಾವಳಿ ರಜೆಗೆ ಊರಿಗೆ ಬರುವ ತಮ್ಮನೋ, ಅತ್ತಿಗೆಯೋ, ಜೊತೆಗೆ ಕೆಲಸ ಮಾಡುವ ಗೆಳೆಯನೋ ಕ್ಯಾಮೆರಾ ಹಿಡಿದು ತಿರುಗುವವರಾಗಿದ್ದರೆ ಅವರಿಗೆ ಏನು ಕೊಡುವುದು? ಕ್ಯಾಮೆರಾ ಸಾಮಾನು ಅಂದಕೂಡಲೇ ಹತ್ತಿಪ್ಪತ್ತು ಸಾವಿರ ಬೇಕು ಅಂತ ಹೆದರಿ, ಕೊನೆಗೆ ಒಂದು ಷರ್ಟ್ ಪೀಸೋ ಸ್ವೀಟ್ ಬಾಕ್ಸೋ ಕೊಟ್ಟು ಮುಗಿಸುವವರೇ ಜಾಸ್ತಿ. ಅಷ್ಟು ಹೆದರಬೇಕಾಗಿಲ್ಲ. ಇನ್ನೂರು ರೂಪಾಯಿಯಿಂದ ಎರಡೂವರೆ ಸಾವಿರದೊಳಗೆ, ವರ್ಷಗಟ್ಟಲೆ ಬಳಕೆಗೆ ಬರುವ ವಸ್ತುಗಳು ಬೇಕಾದಷ್ಟಿವೆ.

ಆದರೆ ಎಲ್ಲೋ ಕುಳಿತು ಯಾರೋ ಮಾಡಿದ ಉಡುಗೊರೆ ಪಟ್ಟಿ ನಮ್ಮ ಕಡೆಗೆ ಅಷ್ಟಾಗಿ ಹೊಂದುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಜೂನ್ ಶುರುವಾದರೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅದೇ ಮನೆಯ ಕಪಾಟಿನಲ್ಲಿ ಕ್ಯಾಮೆರಾವೂ ಇರುತ್ತದೆ ಅಲ್ವಾ? ಹಾಗಾಗಿ ಮಲೆನಾಡಿನಲ್ಲಿ ಫೋಟೊ ತೆಗೆಯುವವರಿಗೆ ಕೊಡುವಾಗ ಮೊದಲು ಯೋಚಿಸಬೇಕಾದದ್ದು ತೇವದ ಬಗ್ಗೆ. ಆಮೇಲೆ ಮಳೆಯಲ್ಲೂ ಹೊರಗೆ ಹೋಗಲು ಏನು ಬೇಕು ಅಂತ. ಮಿಕ್ಕ ಸಾಮಾನೆಲ್ಲ ಅದಾದ ಮೇಲೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಮೊದಲ ಹೆಜ್ಜೆ: ಅವರ ಹತ್ತಿರ ಯಾವ ಕ್ಯಾಮೆರಾ ಇದೆ ಅಂತ ಪತ್ತೆ ಮಾಡಿ

ಕ್ಯಾಮೆರಾ ಸಾಮಾನು ಒಂದಕ್ಕೊಂದು ಹೊಂದಬೇಕು. ಕ್ಯಾನನ್‌ನ ಬ್ಯಾಟರಿ ನಿಕಾನ್‌ಗೆ ಆಗದು. ಒಂದೇ ಕಂಪನಿಯ ಎರಡು ಕ್ಯಾಮೆರಾಗಳಿಗೂ ಬೇರೆ ಬೇರೆ ಬ್ಯಾಟರಿ ಇರುತ್ತದೆ. ಕ್ಯಾನನ್ 1500ಡಿಗೆ ಎಲ್‌ಪಿ-ಇ10 ಬೇಕು, 200ಡಿಗೆ ಎಲ್‌ಪಿ-ಇ17 ಬೇಕು. ನಿಕಾನ್ ಡಿ3500ಕ್ಕೆ ಇಎನ್-ಇಎಲ್14ಎ. ಈ ಹೆಸರು ಬ್ಯಾಟರಿಯ ಮೇಲೇ ಅಚ್ಚಾಗಿರುತ್ತದೆ.

ಕೇಳಿದರೆ ಗುಟ್ಟು ರಟ್ಟಾಗುತ್ತದೆ ಅನ್ನುವುದಾದರೆ ಒಂದು ಸುಲಭ ದಾರಿ ಇದೆ. "ಆ ದಿನ ತೆಗೆದ ಫೋಟೊ ಚೆನ್ನಾಗಿತ್ತು ಕಣೋ, ಒರಿಜಿನಲ್ ಫೈಲ್ ಕಳಿಸು, ಪ್ರಿಂಟ್ ಹಾಕಿಸ್ತೀನಿ" ಅಂತ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸಾಲದು, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೊ ಆಗಿ ಬಂದರೆ ಗಾತ್ರ ಕುಗ್ಗುತ್ತದೆ, ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಒರಿಜಿನಲ್ ಫೈಲ್ ಸಿಕ್ಕಿದರೆ ಫೋನಿನ ಗ್ಯಾಲರಿಯಲ್ಲಿ 'ಡೀಟೇಲ್ಸ್' ಒತ್ತಿ. ಕ್ಯಾಮೆರಾದ ಮಾಡೆಲ್, ಎಷ್ಟು ಮಿ.ಮೀ. ಲೆನ್ಸ್‌ನಲ್ಲಿ ತೆಗೆದದ್ದು, ಎಲ್ಲ ಕಾಣಿಸುತ್ತದೆ. ಆ ಫೈಲನ್ನು ಡಿಲೀಟ್ ಮಾಡಬೇಡಿ, ಮುಂದೆ ಬೇಕಾಗುತ್ತದೆ.

ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಗಾಜು, ಕೊಡುವ ಯೋಚನೆ ಇದ್ದರೆ ಲೆನ್ಸಿನ ಮುಂಬಾಯಿಯ ಅಳತೆ ಬೇಕು. ಲೆನ್ಸಿನ ಮುಂದಿನ ಅಂಚಿನಲ್ಲಿ, ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ: 49, 52, 55, 58, 67, 77 ಹೀಗೆ. ಲೆನ್ಸ್ ಮುಚ್ಚಳದ ಒಳಭಾಗದಲ್ಲೂ ಬಹಳ ಸಲ ಅದೇ ಸಂಖ್ಯೆ ಬರೆದಿರುತ್ತದೆ. ಕ್ಯಾನನ್ ಕ್ಯಾಮೆರಾದ ಜೊತೆಗೇ ಬರುವ 18-55 ಕಿಟ್ ಲೆನ್ಸ್‌ಗಳಲ್ಲಿ ಹೆಚ್ಚಿನವು 58 ಮಿ.ಮೀ. ನಿಕಾನ್‌ನ ಹೊಸ ಎಎಫ್-ಪಿ 18-55 ಲೆನ್ಸ್ 55 ಮಿ.ಮೀ., ಹಳೆಯ ಎಎಫ್-ಎಸ್ 52. ಅಂದಾಜಿನ ಮೇಲೆ ಕೊಳ್ಳಬೇಡಿ. ಅವರು ಊಟಕ್ಕೆ ಕೂತಾಗ ಕ್ಯಾಮೆರಾ ನೋಡುವ ನೆಪದಲ್ಲಿ ಆ ಸಂಖ್ಯೆಯ ಒಂದು ಫೋಟೊ ತೆಗೆದುಕೊಳ್ಳಿ.

ಎರಡನೇ ಹೆಜ್ಜೆ: ಅವರು ಏನನ್ನು ತೆಗೆಯುತ್ತಾರೆ ನೋಡಿ

ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಹತ್ತು ನಿಮಿಷ ಕುಳಿತು ನೋಡಿ. ಮಂಡಗದ್ದೆಯ ಬೆಳ್ಳಕ್ಕಿ, ನೀರುಕಾಗೆ ತುಂಬಿದ್ದರೆ ಅವರು ಹಕ್ಕಿಯವರು. ಕಪ್ಪೆ, ಜೇಡ, ಅಣಬೆ ಇದ್ದರೆ ಮ್ಯಾಕ್ರೊದವರು, ಅಂದರೆ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವವರು. ಜೋಗ, ಕೊಡಚಾದ್ರಿ, ಕುಂದಾದ್ರಿಯ ಸೂರ್ಯೋದಯ ಇದ್ದರೆ ಲ್ಯಾಂಡ್‌ಸ್ಕೇಪಿನವರು. ಇಕ್ಕೇರಿಯ ಅಘೋರೇಶ್ವರ, ಕೆಳದಿ, ಕವಲೇದುರ್ಗದ ಕಲ್ಲುಗಳಿದ್ದರೆ ಅವರ ದಾರಿ ಬೇರೆ. ಮನೆಯ ಮಕ್ಕಳು, ಮದುವೆ, ಭೂಮಿ ಹುಣ್ಣಿಮೆ, ಗೋಪೂಜೆ ತೆಗೆಯುವವರೂ ಇದ್ದಾರೆ. ಎಲ್ಲರಿಗೂ ಒಂದೇ ಸಾಮಾನು ಹೊಂದುವುದಿಲ್ಲ. ಹಕ್ಕಿ ತೆಗೆಯುವವರಿಗೆ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಕೊಟ್ಟರೆ ಅದು ಡಬ್ಬದಲ್ಲೇ ಇರುತ್ತದೆ.

ಯಾರೇ ಆಗಲಿ ಬೇಕೇ ಬೇಕಾಗುವಂಥದ್ದು ಒಂದಿದೆ. ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಮೊದಲ ಆಯ್ಕೆ: ಮನೆಯಲ್ಲೇ ಜೋಡಿಸುವ ಡ್ರೈ ಬಾಕ್ಸ್

ಗಾಳಿಯ ತೇವಾಂಶ ಶೇ. 60 ದಾಟಿ ಹಾಗೇ ನಿಂತರೆ ಲೆನ್ಸಿನ ಒಳಗೆ ಫಂಗಸ್ ಬೆಳೆಯಲು ಶುರುವಾಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಅದು ಎಂಬತ್ತು ತೊಂಬತ್ತರಲ್ಲೇ ಇರುತ್ತದೆ. ಫಂಗಸ್ ಮೊದಲು ಸಣ್ಣ ಚುಕ್ಕಿ, ಆಮೇಲೆ ಜೇಡರ ಬಲೆಯಂಥ ಎಳೆಗಳು. ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ. ಒಮ್ಮೆ ಲೇಪನ ಹೋದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಇಟ್ಟು ಮರದ ಬೀರುವಿನೊಳಗೆ ಭದ್ರವಾಗಿ ಮುಚ್ಚಿಡುವುದು ಬಹಳ ಮನೆಗಳ ರೂಢಿ. ಆದರೆ ಬ್ಯಾಗಿನ ಬಟ್ಟೆ, ಒಳಗಿನ ಸ್ಪಾಂಜು ತೇವ ಹೀರಿ ಹಿಡಿದುಕೊಳ್ಳುತ್ತವೆ. ಫಂಗಸ್‌ಗೆ ಬೇಕಾದ ಕತ್ತಲೆ, ತೇವ, ಗಾಳಿಯಾಡದ ಜಾಗ ಮೂರೂ ಅಲ್ಲಿ ಸಿಗುತ್ತವೆ.

ಕರೆಂಟಿನ ಡ್ರೈ ಕ್ಯಾಬಿನೆಟ್ ಇದಕ್ಕೆ ಒಳ್ಳೆಯ ಪರಿಹಾರವೇ, ಆದರೆ ನಮ್ಮ ಬಜೆಟ್ಟಿಗೆ ಮೀರಿದ್ದು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟೇ ಇಲ್ಲದ ಹಳ್ಳಿಗಳಿಗೆ ಅದು ಅಷ್ಟು ಒಗ್ಗುವುದೂ ಇಲ್ಲ. ಕೈಯಾರೆ ಜೋಡಿಸಿದ ಡಬ್ಬಕ್ಕೆ ಎಲ್ಲ ಸೇರಿ ಸಾವಿರದಿಂದ ಸಾವಿರದ ಐನೂರರ ಆಸುಪಾಸು ಆಗುತ್ತದೆ. ಹೀಗೆ ಮಾಡಿ.

ಪಾತ್ರೆ ಅಂಗಡಿಗೆ ಹೋಗಿ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಕೇಳಿ. ಒಂದು ಕ್ಯಾಮೆರಾ, ಎರಡು ಲೆನ್ಸ್ ಕೂರಲು ಹತ್ತು ಲೀಟರಿನದು ಸಾಕು. ಮುಚ್ಚಳ ಬಿಗಿಯಾಗಿದೆಯೇ ಅಂತ ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಂದು ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಇಟ್ಟು ಕ್ಲಿಪ್ ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಆ ಡಬ್ಬ ಬೇಡ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ, ಯಾಕೆಂದರೆ ಒಂದು ಮೂಲೆ ಸಡಿಲ ಇದ್ದರೂ ಸಾಕು, ತೇವ ಒಳಗೆ ಬರುತ್ತದೆ.

ಆಮೇಲೆ ಸಿಲಿಕಾ ಜೆಲ್, ಅರ್ಧ ಕೆಜಿ. ಆನ್‌ಲೈನಿನಲ್ಲಿ ಸಿಗುತ್ತದೆ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲೂ ವಿಚಾರಿಸಬಹುದು. ಬಣ್ಣ ಬದಲಾಗುವ ಜಾತಿಯದ್ದನ್ನೇ ತೆಗೆದುಕೊಳ್ಳಿ. ಎರಡು ಬಗೆ ಇವೆ. ನೀಲಿ ಇದ್ದು ತೇವ ಹೀರಿದಾಗ ಗುಲಾಬಿಯಾಗುವುದು ಒಂದು, ಕಿತ್ತಳೆ ಇದ್ದು ಹಸಿರಾಗುವುದು ಇನ್ನೊಂದು. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯದೇ ಸರಿ. ಕಾಳುಗಳನ್ನು ಹಾಗೇ ಡಬ್ಬಕ್ಕೆ ಸುರಿಯಬೇಡಿ. ಅದರ ಪುಡಿ ಲೆನ್ಸಿಗೆ ಕೂರುತ್ತದೆ. ತೆಳು ಹತ್ತಿ ಬಟ್ಟೆಯಲ್ಲಿ ಎರಡು ಸಣ್ಣ ಚೀಲ ಹೊಲಿದು ತುಂಬಿ. ಬಣ್ಣ ಕಾಣಲಿ ಅಂತ ಒಂದಿಷ್ಟನ್ನು ಜಾಳಿಗೆ ಬಟ್ಟೆಯ ಪುಟ್ಟ ಚೀಲದಲ್ಲಿ ಬೇರೆ ಇಡಿ.

ಮೂರನೆಯದು ತೇವಾಂಶ ಅಳೆಯುವ ಹೈಗ್ರೋಮೀಟರ್. ಬೆಂಕಿಪೊಟ್ಟಣದಷ್ಟು ಚಿಕ್ಕ ಡಿಜಿಟಲ್ ಮೀಟರು ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ ಮೀಟರು ಸರಿ ತೋರಿಸುತ್ತದೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಬಾಟಲಿ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಹಾಕಿ, ಮೀಟರಿಗೆ ಉಪ್ಪು ತಾಗದಂತೆ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರು 75 ತೋರಿಸಬೇಕು. 80 ತೋರಿಸಿದರೆ ಅದು ಐದು ಜಾಸ್ತಿ ಹೇಳುತ್ತಿದೆ ಅಂತ ಅರ್ಥ. ಆ ಲೆಕ್ಕವನ್ನು ಮೀಟರಿನ ಹಿಂದೆ ಚೀಟಿ ಅಂಟಿಸಿ ಬರೆದುಬಿಡಿ.

ಡಬ್ಬದ ಒಳಗಿನ ತೇವಾಂಶ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 30ಕ್ಕಿಂತ ಕೆಳಗೆ ತುಂಬಾ ದಿನ ಇರುವುದೂ ಬೇಡ, ರಬ್ಬರ್ ಭಾಗಗಳು ಒಣಗುತ್ತವೆ. ಹೆಚ್ಚು ಒಣಗಿತು ಅನ್ನಿಸಿದರೆ ಒಂದು ಚೀಲ ಹೊರಗೆ ತೆಗೆದರಾಯಿತು.

ಉಡುಗೊರೆಯ ಜೊತೆ ಕೈಬರಹದಲ್ಲಿ ಒಂದು ಚೀಟಿ ಇಡಿ. ಅದರಲ್ಲಿ ಇಷ್ಟು ಬರೆದರೆ ಸಾಕು: ಕಾಳು ಹಸಿರಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡು, ಅಥವಾ ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿಡು. ಮತ್ತೆ ಕಿತ್ತಳೆಗೆ ತಿರುಗಿದ ಮೇಲೆ ಪೂರ್ತಿ ಆರಿಸಿ ಚೀಲಕ್ಕೆ ತುಂಬು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡ. ಕ್ಯಾಮೆರಾವನ್ನು ಡಬ್ಬಕ್ಕೆ ಹಾಕುವ ಮುಂಚೆ ಚರ್ಮದ ಕೇಸು, ಬಟ್ಟೆಯ ಪಟ್ಟಿ ತೆಗೆದಿಡು.

ಇಷ್ಟೆಲ್ಲ ಜೋಡಿಸಲು ಪುರುಸೊತ್ತಿಲ್ಲದಿದ್ದರೆ ಡಬ್ಬ, ಜೆಲ್, ಮೀಟರು ಮೂರನ್ನೂ ಬಿಡಿಬಿಡಿಯಾಗಿ ಕೊಟ್ಟರೂ ನಡೆಯುತ್ತದೆ. ಆದರೆ ಜೋಡಿಸಿ ಕೊಟ್ಟರೆ ಅವರು ಆ ದಿನದಿಂದಲೇ ಬಳಸುತ್ತಾರೆ.

ಮಳೆಯಲ್ಲಿ ಹೊರಗೆ ಹೋಗಲು

ಮಲೆನಾಡಿನ ಒಳ್ಳೆಯ ಫೋಟೊಗಳು ಹುಟ್ಟುವುದು ಮಳೆಗಾಲದಲ್ಲೇ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುವುದನ್ನು ತುಂಬಿ ಹರಿಯುವಾಗಲೇ ನೋಡಬೇಕು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದೂ ಆಗಲೇ. ಆ ಹೊತ್ತಿಗೇ ಕ್ಯಾಮೆರಾ ನೆನೆಯುತ್ತದೆ ಅಂತ ಮನೆಯಲ್ಲಿಟ್ಟು ಕೂರುವವರು ಎಷ್ಟೋ ಜನ.

ಕ್ಯಾಮೆರಾ ರೇನ್ ಕವರ್ ಅಂದರೆ ಲೆನ್ಸಿನ ಕಡೆ ದಾರ ಎಳೆದು ಬಿಗಿ ಮಾಡುವ ಒಂದು ಉದ್ದನೆಯ ತೋಳು. ತೆಳು ಪ್ಲಾಸ್ಟಿಕ್ಕಿನದು ಇನ್ನೂರು ರೂಪಾಯಿಗೂ ಸಿಗುತ್ತದೆ, ದಪ್ಪ ಬಟ್ಟೆಯದು ಐನೂರರಿಂದ ಸಾವಿರದವರೆಗೆ. ಕೊಳ್ಳುವಾಗ ಲೆನ್ಸಿನ ಉದ್ದ ಗಮನಿಸಿ. 18-55ಕ್ಕೆ ಹೊಂದುವುದು 70-300ಕ್ಕೆ ಗಿಡ್ಡವಾಗುತ್ತದೆ. ಹಿಂಬದಿಯಲ್ಲಿ ಪಾರದರ್ಶಕ ಕಿಟಕಿ ಇರಬೇಕು, ಇಲ್ಲದಿದ್ದರೆ ಸ್ಕ್ರೀನ್ ನೋಡಲಾಗದು.

ಮೈಕ್ರೋಫೈಬರ್ ಬಟ್ಟೆ ತುಂಬಾ ಸಣ್ಣ ಉಡುಗೊರೆ ಅನ್ನಿಸಬಹುದು. ಒಂದು ಬಟ್ಟೆ ನಿಜಕ್ಕೂ ಸಾಲದು. ಜೋಗದ ನೀರಿನ ತುಂತುರಿನಲ್ಲಿ ಐದೇ ನಿಮಿಷಕ್ಕೆ ಅದು ಒದ್ದೆಯಾಗಿ, ಆಮೇಲೆ ಒರೆಸಿದಷ್ಟೂ ಗಾಜು ಮಸುಕಾಗುತ್ತದೆ. ಐದಾರು ಬಟ್ಟೆ ಕೊಡಿ. ಒಂದೊಂದನ್ನೂ ಚಿಕ್ಕ ಜಿಪ್ ಕವರಿನಲ್ಲಿ ಹಾಕಿ ಕೊಟ್ಟರೆ ಉಳಿದವು ಒಣಗಿಯೇ ಇರುತ್ತವೆ. ಜೊತೆಗೆ ಗಾಳಿ ಊದುವ ರಬ್ಬರ್ ಬ್ಲೋವರ್ ಒಂದು. ಮೊದಲು ಬ್ಲೋವರಿನಿಂದ ಧೂಳು ಹಾರಿಸಬೇಕು, ಆಮೇಲೆ ಬಟ್ಟೆ. ಧೂಳಿನ ಮೇಲೇ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ.

ಒಂದಿಷ್ಟು ದೊಡ್ಡ ಜಿಪ್ ಕವರುಗಳನ್ನೂ ಸೇರಿಸಿ. ಎ.ಸಿ. ಕಾರಿನಿಂದ ಇಳಿದು ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಓಡಿದರೆ ತಣ್ಣಗಿರುವ ಲೆನ್ಸಿನ ಮೇಲೆ ಹೊರಗಿನ ತೇವ ಮಂಜಾಗಿ ಕೂರುತ್ತದೆ. ಇಳಿಯುವ ಮುಂಚೆ ಕ್ಯಾಮೆರಾವನ್ನು ಕವರಿನೊಳಗೆ ಮುಚ್ಚಿ ಸ್ವಲ್ಪ ಹೊತ್ತು ಹೊರಗಿನ ಬಿಸಿಗೆ ಬಿಟ್ಟರೆ ಮಂಜು ಕವರಿನ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ.

ಕಾಡಿಗೆ ಹೋಗುವವರಿಗೆ ನಾನು ತಪ್ಪದೆ ಹೇಳುವ ಉಡುಗೊರೆ ಉಂಬಳದ (ಜಿಗಣೆಯ) ಕಾಲುಚೀಲ. ಲೀಚ್ ಸಾಕ್ಸ್ ಅಂತಲೇ ಕೇಳಿ. ಒತ್ತಾಗಿ ನೇಯ್ದ ಬಟ್ಟೆಯದು, ಮೊಣಕಾಲಿನವರೆಗೆ ಬಂದು ದಾರದಲ್ಲಿ ಕಟ್ಟುವಂಥದ್ದು. ಮಾಮೂಲಿ ಸಾಕ್ಸಿನ ನೇಯ್ಗೆಯ ಸಂದಿನಲ್ಲಿ ಉಂಬಳ ನುಸುಳುತ್ತದೆ, ಇದರಲ್ಲಿ ಆಗದು. ತಿಳಿ ಬಣ್ಣದ್ದು ಆರಿಸಿ, ಹತ್ತುತ್ತಿರುವ ಉಂಬಳ ಕಣ್ಣಿಗೆ ಬೀಳುತ್ತದೆ. ಕಪ್ಪೆಯ ಫೋಟೊಗೆ ಅರ್ಧ ಗಂಟೆ ನೆಲದ ಮಟ್ಟಕ್ಕೆ ಕೂರುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಫಿಲ್ಟರ್ ಕೊಡುವುದಾದರೆ ಸಿಪಿಎಲ್

ಫಿಲ್ಟರುಗಳಲ್ಲಿ ಒಂದನ್ನೇ ಕೊಡುವುದಾದರೆ ಸರ್ಕ್ಯುಲರ್ ಪೋಲರೈಸರ್ ಕೊಡಿ. ಅಂಗಡಿಯಲ್ಲಿ ಸಿಪಿಎಲ್ ಅಂದರೆ ಸಾಕು. ಮಳೆ ನಿಂತ ಮೇಲೆ ಎಲೆ, ಬಂಡೆಗಳ ಮೇಲೆ ಬಿಳಿಯ ಹೊಳಪು ಇರುತ್ತದಲ್ಲ, ಅದರಿಂದಾಗಿ ಹಸಿರು ಬಣ್ಣ ಫೋಟೊದಲ್ಲಿ ಪೇಲವವಾಗಿ ಬರುತ್ತದೆ. ಸಿಪಿಎಲ್‌ನ ಮುಂದಿನ ಬಳೆಯನ್ನು ನಿಧಾನ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಹೊಳಪು ಮಾಯವಾಗಿ ಒಳಗಿನ ಹಸಿರು ಎದ್ದು ಬರುತ್ತದೆ. ಹೊಳೆಯ ತಳದ ಕಲ್ಲುಗಳೂ ಕಾಣುತ್ತವೆ. ಈ ಕೆಲಸವನ್ನು ಆಮೇಲೆ ಮೊಬೈಲಿನಲ್ಲಿ ಎಡಿಟ್ ಮಾಡಿ ತರಲಾಗದು.

ಇದಕ್ಕೆ ಇನ್ನೊಂದು ಲಾಭವೂ ಇದೆ. ಸಿಪಿಎಲ್ ಒಂದರಿಂದ ಎರಡು ಸ್ಟಾಪ್ ಬೆಳಕು ತಡೆಯುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಕಾಡಿನ ಮರಗಳ ಕೆಳಗಿನ ಹಳ್ಳದಲ್ಲಿ ಮೊದಲೇ ಬೆಳಕು ಕಡಿಮೆ. ಟ್ರೈಪಾಡಿನ ಮೇಲೆ ಐಎಸ್‌ಒ 100, ಎಫ್/11 ಇಟ್ಟರೆ ಅರ್ಧ ಸೆಕೆಂಡಿನ ಶಟರ್ ಸಿಕ್ಕಿಬಿಡುತ್ತದೆ, ನೀರು ಹಾಲಿನ ಹಾಗೆ ಬರುತ್ತದೆ. ಎನ್‌ಡಿ ಫಿಲ್ಟರ್ ಬೇಕೆನಿಸುವುದು ಬಿಸಿಲಿನಲ್ಲಿ ಜಲಪಾತ ತೆಗೆಯುವಾಗ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಮುನ್ನೂರು ರೂಪಾಯಿಗೆ ಮೂರು ಫಿಲ್ಟರ್ ಕೊಡುವ ಸೆಟ್ಟುಗಳಿಗೆ ಮಾತ್ರ ಹೋಗಬೇಡಿ. ಅವುಗಳ ಗಾಜು ಚಿತ್ರವನ್ನು ಮಂಕು ಮಾಡುತ್ತದೆ. ಹೆಸರಿರುವ ಕಂಪನಿಯ ಒಂದೇ ಸಿಪಿಎಲ್‌ಗೆ ಸಾವಿರದಿಂದ ಎರಡು ಸಾವಿರ ಕೊಡುವುದು ಲೇಸು. ಅವರ ಬಳಿ ಬೇರೆ ಬೇರೆ ಅಳತೆಯ ಎರಡು ಲೆನ್ಸ್ ಇದ್ದರೆ ದೊಡ್ಡದರ ಅಳತೆಗೆ ಫಿಲ್ಟರ್ ಕೊಂಡು, ಚಿಕ್ಕದಕ್ಕೂ ಅದೇ ಫಿಲ್ಟರ್ ಕೂರಿಸುವ ಒಂದು ಸ್ಟೆಪ್-ಅಪ್ ರಿಂಗ್ ಸೇರಿಸಿ. ರಿಂಗಿಗೆ ನೂರಿನ್ನೂರು ಅಷ್ಟೇ.

ಕಪ್ಪೆ, ಜೇಡ, ಅಣಬೆಯವರಿಗೆ

ಮ್ಯಾಕ್ರೊ ಲೆನ್ಸ್ ದುಬಾರಿ. ಅದರ ಬದಲು ಎಕ್ಸ್‌ಟೆನ್ಷನ್ ಟ್ಯೂಬ್ ಕೊಡಬಹುದು. ಇದು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಟೊಳ್ಳು ಕೊಳವೆ, ಒಳಗೆ ಗಾಜೇ ಇಲ್ಲ. ಲೆನ್ಸನ್ನು ಮುಂದಕ್ಕೆ ತಳ್ಳಿದಷ್ಟೂ ಹತ್ತಿರದ ವಸ್ತು ದೊಡ್ಡದಾಗಿ ಬರುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ವಸ್ತುವಿನ ಅರ್ಧದಷ್ಟು ಗಾತ್ರ ಸೆನ್ಸರಿನ ಮೇಲೆ ಮೂಡುತ್ತದೆ. ಕೊಳ್ಳುವಾಗ ಒಂದೇ ಎಚ್ಚರ: ಒಳಗೆ ಚಿನ್ನದ ಬಣ್ಣದ ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಇರುವುದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಹೊಸ ಲೆನ್ಸುಗಳಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಬದಲಾಯಿಸಲು ಬರುವುದಿಲ್ಲ. ಕ್ಯಾಮೆರಾದ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, ಯಾವುದು ಅನ್ನುವುದೂ ಗೊತ್ತಿರಬೇಕು. ಕ್ಯಾನನ್ ಇಎಫ್ ಬೇರೆ, ಆರ್‌ಎಫ್ ಬೇರೆ. ನಿಕಾನ್ ಎಫ್ ಬೇರೆ, ಝಡ್ ಬೇರೆ.

ಇನ್ನೂ ಅಗ್ಗದ್ದು ರಿವರ್ಸ್ ರಿಂಗ್, ಮುನ್ನೂರು ರೂಪಾಯಿಯ ಆಸುಪಾಸು. ಲೆನ್ಸನ್ನು ತಿರುವಿ ಹಾಕಲು ಇದು. ಅಜ್ಜನ ಕಾಲದ ಫಿಲ್ಮ್ ಕ್ಯಾಮೆರಾ ಟ್ರಂಕಿನಲ್ಲಿ ಮಲಗಿರುವ ಮನೆಗೆ ಇದು ಹೇಳಿ ಮಾಡಿಸಿದ್ದು. ಹಳೆಯ 50 ಮಿ.ಮೀ. ಲೆನ್ಸುಗಳಲ್ಲಿ ಅಪರ್ಚರ್ ತಿರುಗಿಸುವ ಬಳೆ ಲೆನ್ಸಿನ ಮೇಲೇ ಇರುತ್ತದೆ. ಹಾಗಾಗಿ ತಿರುವಿ ಹಾಕಿದರೂ ಅದು ಕೆಲಸ ಮಾಡುತ್ತದೆ. ಮೊದಲು ಆ ಲೆನ್ಸಿನ ಒಂದು ತುದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಎಳೆಎಳೆ ಬಲೆ ಕಂಡರೆ ಅದಕ್ಕೆ ಫಂಗಸ್ ಬಂದಿದೆ. ಅಂಥದ್ದನ್ನು ಒಳ್ಳೆಯ ಲೆನ್ಸುಗಳ ಜೊತೆ ಒಂದೇ ಡಬ್ಬದಲ್ಲಿ ಇಡುವುದು ಬೇಡ.

ಹಕ್ಕಿಯವರಿಗೆ ಟೈಲರ್ ಹೊಲಿದ ಬೀನ್ ಬ್ಯಾಗ್

ಸಾವಿರ ರೂಪಾಯಿಯ ಟ್ರೈಪಾಡು ಉದ್ದ ಲೆನ್ಸಿನ ಭಾರಕ್ಕೆ ಅಲುಗಾಡುತ್ತದೆ. ಅದಕ್ಕಿಂತ ಬೀನ್ ಬ್ಯಾಗ್ ಎಷ್ಟೋ ಮೇಲು. ಮಂಡಗದ್ದೆಯ ಕಟ್ಟೆಯಿರಲಿ, ತ್ಯಾವರೆಕೊಪ್ಪದ ಹಾದಿಯಲ್ಲಿ ನಿಲ್ಲಿಸಿದ ಕಾರಿನ ಕಿಟಕಿಯಿರಲಿ, ಬ್ಯಾಗಿಟ್ಟು ಅದರ ಮೇಲೆ ಲೆನ್ಸ್ ಒರಗಿಸಿದರೆ ಕೈ ನಡುಗುವ ಮಾತೇ ಇಲ್ಲ.

ನಿಮ್ಮ ಓಣಿಯ ಟೈಲರಿಗೆ ಹೇಳಿ ಹೊಲಿಸಿ. ದಪ್ಪ ಕ್ಯಾನ್ವಾಸ್ ಅಥವಾ ಹಳೆಯ ಜೀನ್ಸ್ ಬಟ್ಟೆ ಸಾಕು. ಎರಡು ಚೀಲ, ಒಂದೊಂದೂ ಸುಮಾರು ಹತ್ತಿಂಚು ಉದ್ದ, ಏಳಿಂಚು ಅಗಲ. ನಡುವೆ ನಾಲ್ಕು ಇಂಚಿನ ಪಟ್ಟಿಯಿಂದ ಜೋಡಿಸಿರಬೇಕು. ಆಗ ಕಾರಿನ ಗಾಜಿನ ಅಂಚಿಗೆ ಎರಡೂ ಕಡೆ ಇಳಿಬಿಟ್ಟು ಕೂರಿಸಬಹುದು. ಹೊಲಿಗೆ ಎರಡೆರಡು ಸಾಲು ಹಾಕಿಸಿ. ಒಂದು ಬದಿಗೆ ಜಿಪ್ ಇಡಿಸಿ, ಯಾಕೆಂದರೆ ಖಾಲಿ ಚೀಲ ಒಯ್ದು ಹೋದ ಜಾಗದಲ್ಲಿ ತುಂಬಿಕೊಳ್ಳಬಹುದು. ಒಳಗೆ ಹುರುಳಿಕಾಳು ತುಂಬಿದರೆ ಲೆನ್ಸಿನ ಆಕಾರಕ್ಕೆ ಸರಿಯಾಗಿ ಕುಸಿದು ಕೂರುತ್ತದೆ. ಮುಕ್ಕಾಲು ಭಾಗ ತುಂಬಿ, ಬಿಗಿಯಾಗಿ ಬೇಡ. ಮಳೆಗಾಲ ಶುರುವಾಗುವ ಮುಂಚೆ ಕಾಳು ತೆಗೆದು ಒಣಗಿಸಲು ಹೇಳಿ, ಇಲ್ಲದಿದ್ದರೆ ಮುಗ್ಗುತ್ತದೆ, ಹುಳ ಹಿಡಿಯುತ್ತದೆ. ಬಣ್ಣ ಕಂದು ಅಥವಾ ಕಡುಹಸಿರು ಇರಲಿ.

ಹಕ್ಕಿ ಕೂಗು ಹಾಕಿ ಕರೆಯುವ ಸ್ಪೀಕರ್ ಮಾತ್ರ ಯಾರಿಗೂ ಕೊಡಬೇಡಿ. ಗೂಡು ಕಟ್ಟುವ ಕಾಲದಲ್ಲಿ ಇನ್ನೊಂದು ಹಕ್ಕಿ ಬಂತು ಅಂತ ಅವು ಗಾಬರಿಯಾಗಿ ಮೊಟ್ಟೆ, ಮರಿ ಬಿಟ್ಟು ಹಾರುತ್ತವೆ.

ಅವರದೇ ಫೋಟೊ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ

ಇದು ನನಗೆ ಬಹಳ ಇಷ್ಟವಾದ ಉಡುಗೊರೆ. ಸಾವಿರಾರು ಫೋಟೊ ತೆಗೆದವರ ಮನೆಯ ಗೋಡೆಯ ಮೇಲೆ ಅವರದೇ ಒಂದು ಫೋಟೊ ಇರುವುದಿಲ್ಲ. ಎಲ್ಲ ಹಾರ್ಡ್ ಡಿಸ್ಕಿನಲ್ಲಿ, ಫೋನಿನಲ್ಲಿ. ಮೊದಲ ಹೆಜ್ಜೆಯಲ್ಲಿ ಪಡೆದ ಒರಿಜಿನಲ್ ಫೈಲ್ ಈಗ ಬೇಕು.

ಗಾತ್ರದ ಲೆಕ್ಕ ಸುಲಭ. ಇಂಚಿಗೆ 300 ಚುಕ್ಕಿಯಂತೆ 12×18 ಇಂಚಿನ ಪ್ರಿಂಟಿಗೆ 3600×5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೈಲ್ 6000×4000 ಇರುತ್ತದೆ, ಆರಾಮಾಗಿ ಸಾಲುತ್ತದೆ. ಇಂಥ ಕ್ಯಾಮೆರಾಗಳ ಫೋಟೊ 3:2 ಆಕಾರದ್ದು. 12×18ರಲ್ಲಿ ಏನೂ ಕತ್ತರಿಸದೆ ಪೂರ್ತಿ ಕೂರುತ್ತದೆ. ಫೋನಿನ ಫೋಟೊ ಸಾಮಾನ್ಯವಾಗಿ 4:3, ಅದಕ್ಕೆ 12×16 ಹೇಳಿ. ಇಲ್ಲದಿದ್ದರೆ ಲ್ಯಾಬಿನವರು ತಲೆಯನ್ನೋ ಕಾಲನ್ನೋ ಕತ್ತರಿಸಿ ಕೊಡುತ್ತಾರೆ. ಮ್ಯಾಟ್ ಕಾಗದ ಕೇಳಿ.

ಕಟ್ಟು ಹಾಕಿಸುವಾಗ ಫ್ರೇಮಿನ ಅಂದಕ್ಕಿಂತ ಒಳಗಿನ ಕೆಲಸ ಮುಖ್ಯ. ಗಾಜಿಗೆ ಫೋಟೊ ತಾಗಿಕೊಂಡೇ ಇದ್ದರೆ ಎರಡು ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಕೀಳಲು ಹೋದರೆ ಚಿತ್ರದ ಮೇಲ್ಪದರವೇ ಕಿತ್ತು ಬರುತ್ತದೆ. ಅದಕ್ಕೇ "ಸುತ್ತ ಮೌಂಟ್ ಬೋರ್ಡ್ ಹಾಕಿ, ಗಾಜಿಗೂ ಫೋಟೊಗೂ ಮಧ್ಯೆ ಜಾಗ ಇರಲಿ" ಅಂತ ಬಾಯಿಬಿಟ್ಟು ಹೇಳಿ. ಹಿಂಬದಿಯನ್ನು ಪೇಪರ್ ಟೇಪಿನಿಂದ ಪೂರ್ತಿ ಮುಚ್ಚಿಸಿ. ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡೋ ರಬ್ಬರ್ ಗುಂಡಿಯೋ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಪಡುವಣದ ಹೊರಗೋಡೆಗೆ ತೂಗುಹಾಕಬೇಡಿ ಅಂತಲೂ ಹೇಳಿ. ಮಳೆ ಬಡಿಯುವುದು ಆ ಗೋಡೆಗೇ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸ್ಟುಡಿಯೋಗಳಲ್ಲಿ ವಿಚಾರಿಸಿ, ಪ್ರಿಂಟ್ ಬರಲು ಎಷ್ಟು ದಿನ ಅಂತ ಮೊದಲೇ ಕೇಳಿಕೊಳ್ಳಿ. ಕಟ್ಟಿನ ಕೆಲಸವೂ ಸೇರಿ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಕೊಟ್ಟರೆ ಗಡಿಬಿಡಿ ಇರುವುದಿಲ್ಲ.

ಕಾರ್ಡ್, ಬ್ಯಾಟರಿ

ಇವೆರಡು ಎಷ್ಟಿದ್ದರೂ ಬೇಕು. ಎಸ್‌ಡಿ ಕಾರ್ಡಿನಲ್ಲಿ ವಿ30 ಗುರುತು ಇರುವುದನ್ನು ನೋಡಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅದರರ್ಥ. 64 ಜಿಬಿ ಧಾರಾಳ. ನಕಲಿ ಕಾರ್ಡುಗಳ ಹಾವಳಿ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬ್ಯಾಟರಿಯಲ್ಲಿ ಬೇರೆ ಕಂಪನಿಯದೂ ನಡೆಯುತ್ತದೆ, ಆದರೆ ಹೆಸರೇ ಕೇಳದ ಕಂಪನಿಯದು ಬೇಡ.

ಫೋನಿನಲ್ಲೇ ತೆಗೆಯುವವರಿಗೆ

ಇವರಿಗೆ ಫೋನ್ ಹಿಡಿಯುವ ಕ್ಲಾಂಪ್ ಮತ್ತು ಮೇಜಿನ ಮೇಲಿಡುವ ಗಟ್ಟಿ ಪುಟ್ಟ ಟ್ರೈಪಾಡ್ ಸಾಕು. ಕ್ಲಾಂಪಿನ ಕೆಳಗೆ ಕಾಲು ಇಂಚಿನ ಸ್ಕ್ರೂ ತೂತು ಇರಲಿ. ಹೆಚ್ಚಿನ ಟ್ರೈಪಾಡುಗಳಿಗೆ ಅದೇ ಅಳತೆ, ನಾಳೆ ಕ್ಯಾಮೆರಾ ಕೊಂಡರೂ ಟ್ರೈಪಾಡ್ ಉಳಿಯುತ್ತದೆ.

ನಾಲ್ಕು ಜನ ಸೇರಿ ಕೊಡುವುದಾದರೆ

ಅಣ್ಣ ತಮ್ಮ, ಅಕ್ಕ ತಂಗಿ ಸೇರಿ ದುಡ್ಡು ಹಾಕುವುದಾದರೆ 50 ಮಿ.ಮೀ. ಎಫ್/1.8 ಲೆನ್ಸಿನತ್ತ ನೋಡಬಹುದು. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೊರಟವರನ್ನು, ದೀಪದ ಬೆಳಕಿನ ಕೊಟ್ಟಿಗೆಯ ಗೋಪೂಜೆಯನ್ನು ಫ್ಲ್ಯಾಶ್ ಇಲ್ಲದೆ ತೆಗೆಯಲು ಇಂಥದ್ದೇ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ನಿಕಾನ್ ಡಿ3500, ಡಿ5600ರಂಥ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅವುಗಳಿಗೆ 50 ಮಿ.ಮೀ.ನಲ್ಲಿ ಮೋಟರ್ ಒಳಗೇ ಇರುವ ಎಎಫ್-ಎಸ್ ಲೆನ್ಸೇ ಬೇಕು. ಅಗ್ಗಕ್ಕೆ ಸಿಗುವ ಹಳೆಯ 'ಡಿ' ಲೆನ್ಸ್ ಹಾಕಿದರೆ ಆಟೋಫೋಕಸ್ ಆಗದು.

ದುಡ್ಡೇ ಇಲ್ಲದಿದ್ದರೆ ಒಂದು ಬೆಳಿಗ್ಗೆ ಕೊಡಿ

ಬೆಳಕು ಚೆನ್ನಾಗಿರುವ ಹೊತ್ತಿಗೆ ಜಾಗ ತಲುಪಲು ಎಷ್ಟೋ ಹುಡುಗ ಹುಡುಗಿಯರಿಗೆ ಗಾಡಿ ಇಲ್ಲ. ಬಸ್ಸು ಹಿಡಿದು ಹೋಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಸಕ್ರೆಬೈಲಿನ ಆನೆ ಬಿಡಾರ ಶಿವಮೊಗ್ಗದಿಂದ ಸುಮಾರು 14 ಕಿ.ಮೀ., ಅದೇ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ 30. "ನಿನಗೆ ಬೇಕಾದ ಭಾನುವಾರ ಬೆಳಿಗ್ಗೆ ಐದಕ್ಕೆ ಗಾಡಿ ತರ್ತೀನಿ, ಎಷ್ಟೊತ್ತಾದ್ರೂ ಕಾಯ್ತೀನಿ" ಅಂತ ಚೀಟಿ ಬರೆದು ಕೊಡಿ. ಮನೆಯವರು ಒಬ್ಬಳನ್ನೇ ಕಳಿಸಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಇದು ಯಾವ ಲೆನ್ಸಿಗೂ ಕಡಿಮೆಯಲ್ಲ. ಕಾಯುವಾಗ ಅವಸರ ಮಾಡಬೇಡಿ, ಫೋನಿನಲ್ಲಿ ಜೋರಾಗಿ ಮಾತಾಡಬೇಡಿ. ಒಂದು ಫ್ಲಾಸ್ಕಿನಲ್ಲಿ ಕಾಫಿ ಇರಲಿ.

ಕೊಡುವ ಮುಂಚೆ

ಅಂಗಡಿಯಲ್ಲಿ ಬದಲಾಯಿಸಿ ಕೊಡುತ್ತೀರಾ, ಎಷ್ಟು ದಿನದೊಳಗೆ ಅಂತ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಫಿಲ್ಟರ್, ಟ್ಯೂಬ್‌ನಂಥವು ಅಳತೆ ತಪ್ಪಿದರೆ ಆಗ ಚಿಂತೆಯಿಲ್ಲ. ಬಿಲ್ಲನ್ನು ಬೇರೆ ಕವರಿನಲ್ಲಿ ಹಾಕಿ ಉಡುಗೊರೆಯ ಜೊತೆಗೇ ಕೊಡಿ, ಬೆಲೆ ಕಂಡರೂ ಪರವಾಗಿಲ್ಲ, ಗ್ಯಾರಂಟಿಗೆ ಅದೇ ಆಧಾರ. ಸಿಲಿಕಾ ಜೆಲ್‌ನ ಪೊಟ್ಟಣವನ್ನು ಡಬ್ಬ ಜೋಡಿಸುವ ದಿನದವರೆಗೆ ಒಡೆಯಬೇಡಿ, ಸುಮ್ನೆ ಮೇಜಿನ ಮೇಲಿಟ್ಟರೂ ತೇವ ಹೀರಿ ಬಣ್ಣ ಬದಲಾಗುತ್ತದೆ. ಬ್ಯಾಟರಿ ಕೊಡುವುದಾದರೆ, ಚಾರ್ಜರ್ ಕೈಗೆ ಸಿಕ್ಕಿದರೆ, ಚಾರ್ಜ್ ಮಾಡಿಯೇ ಕೊಡಿ. ಹಬ್ಬದ ಸಂಜೆಗೇ ಅವರಿಗೆ ಅದು ಬೇಕಾಗುತ್ತದೆ.